ಪೈಪಿನ ಸುತ್ತಲಿನ ಸಂದು

ಗೋಡೆಯ ಆ ಸಂದು ಎಷ್ಟು ದೊಡ್ಡದಿತ್ತು? ನೆನಪಿನಲ್ಲಿ ಅದು ಕಿಟಕಿಯಷ್ಟಿದೆ. ಹಾಗಿರಲು ಸಾಧ್ಯವಿಲ್ಲ. ಹಬೆಯ ಪೈಪಿನ ಸುತ್ತ ನನ್ನ ಕೈ ತೂರುವಷ್ಟು ಜಾಗ, ಅಷ್ಟೆ. ಪೈಪು ಹಾಕಿದವರು ತೂತನ್ನು ದೊಡ್ಡದಾಗಿ ಕೊರೆದು, ಮುಚ್ಚದೆ ಹೋಗಿದ್ದರು.

ಮಣಿಪಾಲದ ಒಂದು ಹಾಸ್ಟೆಲಿನ ನೆಲಮಾಳಿಗೆಯಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಸಂದಿನ ಈಚೆ ನಾನು, ಆಚೆ ಅಡುಗೆಮನೆ. ಅಲ್ಲಿ ಕುಚ್ಚಲಕ್ಕಿ ಬೇಯುವುದು ನನ್ನ ಹಬೆಯಲ್ಲಿ. ಉರಿಯುವ ಬಾಯ್ಲರನ್ನು ಬಿಟ್ಟು ಕದಲಬಾರದು; ಊಟವೂ ಅಲ್ಲೇ. ಸಂಜೆ ಕಾಪುವಿಗೆ ಬಸ್ಸು, ಬಾಡಿಗೆ ಕೋಣೆ, ಬೀಗ. ದಿನದ ಮಾತೆಲ್ಲ ಆ ಸಂದಿನಲ್ಲೇ ಆಗಬೇಕಿತ್ತು.

ಆಚೆ ಇದ್ದವರು ಅನ್ನ ಬೇಯಿಸುವ ಶಿರ್ವದ ಹೆಂಗಸು. ಅವರ ಮನೆಮಾತು ಕೊಂಕಣಿ, ನನ್ನದು ಬ್ಯಾರಿ. ಗೋಡೆಯ ಮೂಲಕ ಆಡುತ್ತಿದ್ದುದು ಕನ್ನಡ. ನನಗೆ ಅವರು ಬಾಯಮ್ಮ, ಅವರಿಗೆ ನಾನು ಸಾಹೇಬ್ರು. ಮುಖ ನೋಡಿದ್ದು ಕಡಿಮೆ. ಈಗ ನೆನಪು ಅವರಿಗೆ ಕೊಡುವ ಮುಖ ಬೇರೆ ಯಾರದ್ದೋ ಇರಬೇಕು.

“ಸಾಹೇಬ್ರೇ, ಹಬೆ ಬಿಡ್ತೀರಾ, ಅಲ್ಲ ನಿದ್ದೆಯಾ?”

“ಬಿಟ್ಟಾಯ್ತು ಬಾಯಮ್ಮ. ನಿಮ್ಮ ಅಕ್ಕಿಗೇ ಸೋಮಾರಿತನ.”

“ಅಕ್ಕಿ ಒಳ್ಳೆಯದೇ ಉಂಟು. ಬಾಯ್ಲರಿಗೆ ವಯಸ್ಸಾಗಿದೆ, ನಿಮ್ಮ ಹಾಗೆ.”

ಬಿಸಿಗಾಳಿ ಬರುತ್ತದೆ, ಜಿರಳೆ ಬರುತ್ತದೆ ಎಂದು ಅವರು ಅಕ್ಕಿಯ ಹಳೆ ಗೋಣಿಯೊಂದನ್ನು ಮಡಚಿ ಸಂದಿಗೆ ತುರುಕಿದ್ದರು. ಮಾತಾಡಬೇಕಾದಾಗ ಎಳೆಯುವುದು, ಮುಗಿದ ಮೇಲೆ ಮತ್ತೆ ತುರುಕುವುದು. ಬಿಸಿ ಪೈಪಿಗೆ ತಾಗಿ ಸೆಣಬು ಮಡಿಕೆಗಳ ಒಳಗೇ ಕಪ್ಪಾಗುತ್ತ ಬಂದಿತ್ತು. ಒಂದು ಮಧ್ಯಾಹ್ನ ಗೋಣಿ ಹೊಗೆಯಾಡಿತು. ಬಾಯಮ್ಮ ಅನ್ನ ಬಸಿದ ಗಂಜಿತೆಳಿ ಒಂದು ಪಾತ್ರೆ ಎರಚಿ ಆರಿಸಿದರು. ಈಗ ನೆನೆದರೆ ನನಗೆ ಜ್ವಾಲೆ ಕಾಣುತ್ತದೆ, ಜ್ವಾಲೆ ಇರಲಿಲ್ಲ. ಪೈಪಿನ ಮೇಲೆ ಸೀದ ಗಂಜಿಯ ವಾಸನೆ ಇತ್ತು. ಅದನ್ನು ನಂಬಬಹುದು.

ಮರುದಿನವೋ ಮರುವಾರವೋ, ಸಂದು ಮುಚ್ಚಲು ಕಾರ್ಕಳದಿಂದ ಒಬ್ಬ ಬಂದ. ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದ.

“ಎರಡು ಗಂಟೆ ಬೆಂಕಿ ತಡೆಯುವ ಗೋಡೆ ಇದು. ಬಾಗಿಲೂ ಹಾಗೇ. ಆದ್ರೆ ಎಂತ ಪ್ರಯೋಜನ ಮಾರಾಯ್ರೇ? ಇಷ್ಟು ಸಂದು ಬಿಟ್ರೆ ಗೋಡೆಯೇ ಇಲ್ಲದ ಹಾಗೆ.”

ಅವನು ಹೇಳಿದ್ದು ಸರಿ. ಮೇಲೆ ಮಹಡಿ ಮಹಡಿಗಳಲ್ಲಿ ಮಕ್ಕಳು ಮಲಗುತ್ತಾರೆ. ಸರಿಯೆಂದು ಗೊತ್ತಿದ್ದೂ ನಾನು ಅವನಿಗೆ ಚಹಾ ಬೇಕಾ ಎಂದು ಕೇಳಲಿಲ್ಲ.

ನನ್ನ ಬದಿಯಿಂದ ಹತ್ತಿಯಂಥ, ಬೆಂಕಿ ಹಿಡಿಯದ ಕಲ್ಲಿನ ನಾರನ್ನು ತುಂಬಿ, ಬೆಂಕಿ ತಾಗಿದರೆ ಉಬ್ಬಿಕೊಳ್ಳುವ ಕೆಂಪು ಅಂಟನ್ನು ಅದರ ಮೇಲೆ ಬಳಿದ. ಉಳಿದದ್ದನ್ನು ಅಡುಗೆಮನೆಯಿಂದ ಮುಗಿಸುತ್ತೇನೆ ಎಂದು ಹೊರಗಿನಿಂದ ಸುತ್ತಿ ಹೋದ. ಸಣ್ಣಗೆ ಬಾಯಮ್ಮನ ದನಿ ಬಂತು.

“ಸಾಹೇಬ್ರೇ, ಇನ್ನು ನಿಮ್ಮ ಗೊರಕೆ ಕೇಳ್ಲಿಕ್ಕಿಲ್ಲ. ಪುಣ್ಯ!”

ನಾನು ಏನೋ ಅಂದೆ. ಏನೆಂದು ನೆನಪಿಲ್ಲ. ಇಲ್ಲಿ ಒಂದು ಒಳ್ಳೆಯ ಮಾತನ್ನು ಹೊಲಿದು ಸೇರಿಸಬಹುದು, ಬೇಡ.

ಅವನು ಆಚೆಯಿಂದ ಮೊಬೈಲಿನ ಟಾರ್ಚು ಹಿಡಿದು ಕೂಗಿದ. “ಬೆಳಕು ಕಾಣ್ತದಾ?”

ಪೈಪಿನ ಅಡಿಯಲ್ಲಿ ದಾರದಷ್ಟು ತೆಳುವಾದ ಬೆಳಕಿತ್ತು. ಕಾಣುವುದಿಲ್ಲ ಎಂದುಬಿಟ್ಟಿದ್ದರೆ ಅಷ್ಟು ಸಂದು ಉಳಿಯುತ್ತಿತ್ತು. ಕಿವಿ ಇಟ್ಟರೆ ದನಿಯೂ. ತುಂಬ ಹೊತ್ತು ತಡೆದೆ ಎಂದು ಬರೆಯಲು ಕೈ ಹೋಗುತ್ತದೆ. ತಡೆದಿರಲಿಕ್ಕಿಲ್ಲ.

“ಕಾಣ್ತದೆ. ಕೆಳಗೆ,” ಎಂದೆ.

ಬೆಳಕು ಹೋಯಿತು. ಪಾತ್ರೆಗಳ ಸದ್ದು, ಯಾರದೋ ನಗು, ಅವೂ ಹೋದವು. ಬಾಯ್ಲರಿನ ಉರಿಯ ಸದ್ದೊಂದೇ ಕೋಣೆ ತುಂಬಿತು.

“ಈಗ ಕಾಣುದಿಲ್ಲ,” ಎಂದೆ. ಮತ್ತೆ ಗಟ್ಟಿಯಾಗಿ ಹೇಳಿದೆ. ಮತ್ತೂ ಒಮ್ಮೆ, ಬಾಯಮ್ಮನನ್ನು ಕರೆದು.

ಕಟ್ಟಡವನ್ನು ಸುತ್ತಿ ಬರಲು ಹೊತ್ತು ಹಿಡಿಯುತ್ತದೆ. ಕೊನೆಗೆ ಅವನು ಬೆವರುತ್ತ, ಕಬ್ಬಿಣದ ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂದ.

“ಎಂತ ಮಾರಾಯ್ರೇ, ಎಷ್ಟು ಕೂಗಿದೆ! ಬಾಯಮ್ಮನೂ ಕರೆದ್ರು. ಒಂದು ಉತ್ತರ ಕೊಡ್ಲಿಕ್ಕೆ ಆಗುದಿಲ್ವಾ?”

“ಕೊಟ್ಟೆ,” ಎಂದೆ.

ಅವನ ಮುಖ ಅರಳಿತು. “ಹಾಗಾದ್ರೆ ಕೆಲಸ ಸರಿಯಾಗಿದೆ, ಅಲ್ವಾ?”