ಪೆಟ್ಟಿಗೆಯ ಮೇಲಿನ ಗಡಿಗೆ

ಕಲ್ಲಿದ್ದಲು ಗಿರಣಿಯ ಚಾಚಾ ಬಲಗೈಯ ಹಿಂಬದಿಯನ್ನು ಕೊಳವೆಗೆ ಒಂದು ಕ್ಷಣ ತಾಗಿಸಿ, ಕಣ್ಣು ಮುಚ್ಚಿ, "ಎಪ್ಪತ್ನಾಲ್ಕು" ಅನ್ನುತ್ತಿದ್ದರು. ಲ್ಯಾಬಿನಿಂದ ಗಾಜಿನ ಥರ್ಮಾಮೀಟರ್ ತಂದು ನೋಡಿದರೆ ಎಪ್ಪತ್ನಾಲ್ಕೇ ಇರುತ್ತಿತ್ತು, ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ. ವಾಡಿಯ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಬದಲಿ ಕೆಲಸಕ್ಕೆ ಸೇರಿದಾಗ ಮೊದಲು ಕಂಡ ಅದ್ಭುತ ಅದು. ಮೊದಲ ದಿನವೇ ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಗಿರಣಿಯೊಳಗೆ ಬಿಸಿಗಾಳಿ ಬಿಟ್ಟು ಕಲ್ಲಿದ್ದಲನ್ನು ಒಣಗಿಸುತ್ತ ಪುಡಿ ಮಾಡುತ್ತಾರೆ. ಹೊರಬರುವ ಗಾಳಿಯ ಬಿಸಿ ಎಂಬತ್ತೈದು ದಾಟಿದರೆ ಪುಡಿ ಒಳಗೇ ಹೊತ್ತಿಕೊಳ್ಳುವ ಭಯ. ತೀರ ಇಳಿದರೆ ಹಸಿ ಪುಡಿ ಕೊಳವೆಯಲ್ಲಿ ಕಟ್ಟಿಕೊಂಡು ಗಿರಣಿ ನಿಲ್ಲುತ್ತಿತ್ತು. ಗಾಜಿನ ಥರ್ಮಾಮೀಟರನ್ನು ಅಲ್ಲೇ ಸಿಕ್ಕಿಸಿಟ್ಟರೆ ಗಿರಣಿಯ ನಡುಕಕ್ಕೆ ಎರಡು ದಿನ ಬಾಳುತ್ತಿರಲಿಲ್ಲ. ಹಾಗಾಗಿ ಇಪ್ಪತ್ತು ವರ್ಷಗಳಿಂದ ಆ ಗಿರಣಿ ಚಾಚಾನ ಕೈಯನ್ನು ನಂಬಿಕೊಂಡು ತಿರುಗುತ್ತಿತ್ತು.

ನಾನು ದಂಡೋತಿಯವನು. ಗುಲ್ಬರ್ಗಾದಲ್ಲಿ ಐಟಿಐ ಮುಗಿಸಿ, ಚಿತ್ತಾಪುರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾಲ್ಕು ವರ್ಷ ಬೆಸುಗೆಯ ಹೊಗೆ ಕುಡಿದವನು. ಎಂಬತ್ತರ ದಶಕದ ನಡುವೆ, ಆ ಅಂಗಡಿಗೆ ಟೇಪ್ ರೆಕಾರ್ಡರ್ ರಿಪೇರಿಗೆ ತಂದ ಕಾರ್ಖಾನೆಯ ಇಂಜಿನಿಯರ್ ಸಾಹೇಬರೊಬ್ಬರು ನನ್ನ ಕೆಲಸ ನೋಡಿ ವಾಡಿಗೆ ಕರೆದರು. ಬದಲಿ ಎಂದರೆ ಬೇರೆಯವರು ಬಾರದ ದಿನ ಮಾತ್ರ ಕೆಲಸ. ಕಾಯಂ ಆದರೆ ಕ್ವಾರ್ಟರ್ಸ್ ಸಿಗುತ್ತಿತ್ತು, ದಂಡೋತಿಯಲ್ಲಿ ನನ್ನ ಅಪ್ಪ-ಅವ್ವನ ಜೊತೆಗಿದ್ದ ಹೆಂಡತಿಯನ್ನು ಕರೆತರಬಹುದಿತ್ತು. ಮದುವೆಯಾಗಿ ಒಂದೂವರೆ ವರ್ಷದಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ನಾನೇ ಬಾಯಿಬಿಟ್ಟು ಸಾಹೇಬರಿಗೆ ಹೇಳಿದೆ, ಗಿರಣಿಯ ಬಿಸಿಯನ್ನು ಅಂಕಿಯಲ್ಲಿ ತೋರಿಸುವ ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದು. ಧಾರವಾಡ ಕಡೆಯವರಾದ ಅವರದು ಮಾತು ಕಡಿಮೆ. "ಒಂದು ತಿಂಗಳು ನಡದ್ರ ನೀ ಕಾಯಂ. ನಡೀಲಿಲ್ಲಂದ್ರ ನಿನ್ನ ರೇಡಿಯೋ ಅಂಗಡಿ ಅದ ಅಲ್ಲ?" ಎಂದರು. ನಾನು ತಲೆಯಾಡಿಸಿದೆ.

ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದು ಬಿಸಿಯಲ್ಲಿಟ್ಟರೆ ಅವುಗಳ ಇನ್ನೊಂದು ತುದಿಯಲ್ಲಿ ಇಷ್ಟೇ ಇಷ್ಟು ವೋಲ್ಟೇಜು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಲು ಒಂದು ಐಸಿ, ದೊಡ್ಡದಾದದ್ದನ್ನು ಅಂಕಿಗಳಾಗಿ ಬದಲಿಸಲು ನಲವತ್ತು ಕಾಲಿನ ಇನ್ನೊಂದು ಐಸಿ. ಈ ನಲವತ್ತು ಕಾಲಿನದನ್ನು ಸಿಕಂದರಾಬಾದಿಗೆ ಹೋಗಿ, ಮೂರು ಅಂಗಡಿ ಅಲೆದು, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ತಂದೆ. ರೈಲಿನಲ್ಲಿ ವಾಡಿ ಬರುವವರೆಗೂ ಅಂಗಿಯ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.

ಮೊದಲ ವಾರ ಕಾಡಿದ್ದು ಕರೆಂಟು. ಸಿಮೆಂಟಿನ ದೊಡ್ಡ ಗಿರಣಿ ಶುರುವಾದ ಕೂಡಲೇ ಬಲ್ಬುಗಳು ಮಂಕಾಗುತ್ತಿದ್ದವು, ನನ್ನ ಕೆಂಪು ಅಂಕಿಗಳು ಹುಚ್ಚೆದ್ದು ಕುಣಿಯುತ್ತಿದ್ದವು. ಎಷ್ಟೇ ಏರಿಳಿದರೂ ಐದೇ ವೋಲ್ಟು ಕೊಡುವ ಮೂರು ಕಾಲಿನ ರೆಗ್ಯುಲೇಟರ್ ಐಸಿ ಹಾಕಿದ್ದೆ, ಆದರೆ ಅದರೊಳಕ್ಕೆ ಬರುವ ಕರೆಂಟೇ ಸಾಲುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡಿ, ಕೆಪಾಸಿಟರ್ ಹೆಚ್ಚಿಸಿದ ಮೇಲೆ ಕುಣಿತ ನಿಂತಿತು. ಗಿರಣಿ ಶುರುವಾದರೂ ಅಂಕಿ ಅಲುಗದೆ ನಿಂತದ್ದನ್ನು ಕಂಡು ನಾನು ಒಬ್ಬನೇ ನಕ್ಕಿದ್ದು ನೆನಪಿದೆ.

ಪೆಟ್ಟಿಗೆಯನ್ನು ಇಡಲು ಗಿರಣಿಯ ಕೋಣೆಯ ಗೋಡೆಯಲ್ಲಿ ಒಂದು ಶಹಾಬಾದ್ ಕಲ್ಲಿನ ಹಲಗೆ ಸಿಕ್ಕಿತು. ಗಾಳಿ ಬರುವ ಜಾಗ, ಬಿಸಿಲು ಬೀಳದು. ಅದರ ಮೇಲೆ ಒಂದು ನೀರಿನ ಗಡಿಗೆ ಇತ್ತು. ನಾನು ಅದನ್ನೆತ್ತಿ ಬಾಗಿಲ ಪಕ್ಕ ನೆಲಕ್ಕಿಟ್ಟು, ನನ್ನ ಪೆಟ್ಟಿಗೆ ಕೂರಿಸಿದೆ. ಯಾರನ್ನೂ ಕೇಳಲಿಲ್ಲ. ವಯಸ್ಸು ಇಪ್ಪತ್ತೈದು, ಕೋಪ ಮೂಗಿನ ತುದಿಯಲ್ಲಿ, ಕೇಳುವ ಅಭ್ಯಾಸವೇ ಇರಲಿಲ್ಲ.

ಸಾಹೇಬರು ಒಂದು ರಿಜಿಸ್ಟರ್ ಕೊಟ್ಟರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಪೆಟ್ಟಿಗೆಯ ಅಂಕಿಯನ್ನು ನಾನು ಬರೆಯಬೇಕು. ಕೈಗೆ ತಾಗಿದ್ದು ಅದಕ್ಕೆ ಹೊಂದಿದರೆ ಚಾಚಾ ಪಕ್ಕದಲ್ಲಿ ಉರ್ದುವಿನಲ್ಲಿ ಸಹಿ ಹಾಕಬೇಕು. ಹೊಂದದಿದ್ದರೆ ರಿಜಿಸ್ಟರಿನ ಆ ಸಹಿಯ ಮನೆ ಖಾಲಿ. ಅಂದರೆ ನನ್ನ ಕ್ವಾರ್ಟರ್ಸ್ ಚಾಚಾನ ಕೈಯಲ್ಲಿತ್ತು.

ಬೆಳಗಿನ ಸಹಿಗಳು ಸಾಲಾಗಿ ಬಿದ್ದವು. ಮಧ್ಯಾಹ್ನದ ಮನೆಗಳು ಖಾಲಿ ಉಳಿಯುತ್ತ ಹೋದವು. ಊಟದ ಹೊತ್ತು ಮುಗಿಯುತ್ತಿದ್ದಂತೆ ಅಂಕಿ ಮೆಲ್ಲಗೆ ಏರತೊಡಗಿ ಎಂಬತ್ತೈದು ದಾಟುತ್ತಿತ್ತು, ನಾನೇ ಕೂಡಿಸಿದ್ದ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು. ಚಾಚಾ ಕೊಳವೆಗೆ ಕೈ ತಾಗಿಸಿ, "ಎಪ್ಪತ್ತೈದೇ ಅದ ಬೇಟಾ. ಸುಮ್ನ ಬಡಕೊಳ್ಳಾಕತ್ತದ ಅದು," ಅನ್ನುತ್ತಿದ್ದರು. ಒಮ್ಮೆ ಗಂಟೆಯನ್ನು ನಂಬಿ ಬಿಸಿಗಾಳಿ ಕಡಿಮೆ ಮಾಡಿದರು, ಕೊಳವೆ ಕಟ್ಟಿಕೊಂಡು ಗಿರಣಿ ಅರ್ಧ ದಿನ ನಿಂತಿತು. ಸಾಹೇಬರು ನನ್ನನ್ನು ನೋಡಿದ ನೋಟಕ್ಕೆ ನನಗೆ ಊಟ ಸೇರಲಿಲ್ಲ.

ವಿಚಿತ್ರವೆಂದರೆ ಗಂಟೆ ಕೇಳಿ ನಾನು ಓಡಿಬಂದು, ಪೆಟ್ಟಿಗೆ ತೆರೆದು, ಒಂದೊಂದೇ ಕಾಲನ್ನು ಮೀಟರಿನಲ್ಲಿ ಪರೀಕ್ಷಿಸಿ, ಅರ್ಧ ಗಂಟೆಯಲ್ಲಿ ಮುಚ್ಚಿದರೆ ಅಂಕಿ ಮತ್ತೆ ಸರಿಯಾಗಿರುತ್ತಿತ್ತು. ಎಲ್ಲೂ ತಪ್ಪು ಸಿಗುತ್ತಿರಲಿಲ್ಲ. ನಲವತ್ತು ಕಾಲಿನ ಐಸಿಯೇ ನಕಲಿ ಇರಬೇಕೆಂದು ಮತ್ತೊಮ್ಮೆ ಸಿಕಂದರಾಬಾದಿಗೆ ಹೋಗಿ ಹೊಸದು ತಂದು ಹಾಕಿದೆ. ಮರುದಿನ ಮಧ್ಯಾಹ್ನ ಗಂಟೆ ಮತ್ತೆ ಬಾರಿಸಿತು.

ಅಷ್ಟರಲ್ಲಿ ರಂಜಾನ್ ಹಬ್ಬ ಬಂತು. ಚಾಚಾ ನಾಲ್ಕು ದಿನ ರಜೆ ಹಾಕಿ ಸೇಡಂಗೆ ಮಗಳ ಮನೆಗೆ ಹೋದರು. ಆ ನಾಲ್ಕೂ ದಿನ ಪೆಟ್ಟಿಗೆ ಬೆಳಿಗ್ಗೆ, ಮಧ್ಯಾಹ್ನ ಒಂದೇ ಸಮ ನಡೆಯಿತು. ಸಾಹೇಬರೇ ಗಾಜಿನ ಥರ್ಮಾಮೀಟರ್ ಹಿಡಿದು ತಾಳೆ ನೋಡಿ ಸಹಿ ಹಾಕಿದರು, ಕೂದಲೆಳೆಯ ವ್ಯತ್ಯಾಸವಿಲ್ಲ. ನಾನು ಗಾಳಿಯಲ್ಲಿ ತೇಲಿದೆ. ಹೆಂಡತಿಗೆ, ಸಾಮಾನು ಕಟ್ಟಲು ಶುರುಮಾಡು ಎಂದು ಕಾಗದ ಬರೆದುಬಿಟ್ಟೆ.

ಐದನೆಯ ದಿನ ಚಾಚಾ ಹಬ್ಬದ ಶ್ಯಾವಿಗೆ ಪಾಯಸ, ಶೀರ್ ಖುರ್ಮಾದ ಡಬ್ಬಿ ಹಿಡಿದು ಬಂದರು. ನನಗೂ ಕೊಟ್ಟರು, ನಾನು ಚಪ್ಪರಿಸಿ ತಿಂದೆ. ಅವತ್ತು ಮಧ್ಯಾಹ್ನ ಗಂಟೆ ಬಾರಿಸಿತು.

ನನ್ನ ತಲೆಯಲ್ಲಿ ಆಗ ಹೊಳೆದದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಇವರು ಇದ್ದಾಗ ಕೆಡುತ್ತದೆ, ಇಲ್ಲದಾಗ ನಡೆಯುತ್ತದೆ. ಇಪ್ಪತ್ತು ವರ್ಷದ ಕೈಗೆ ಬೆಲೆ ಹೋಗುತ್ತದೆಂದು ಮುದುಕರೇ ಏನೋ ಮಾಡುತ್ತಿದ್ದಾರೆ. ನಾನು ಧುಮುಗುಡುತ್ತ ಹೋಗಿ ನಾಲ್ಕು ಜನರೆದುರೇ ಕೇಳಿದೆ.

"ಚಾಚಾ, ನನ್ನ ಪೆಟ್ಟಿಗೀಗಿ ಏನ್ ಮಾಡ್ಲಿಕತ್ತೀರಿ ನೀವು? ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?"

ಚಾಚಾ ಸಿಟ್ಟಾಗಲಿಲ್ಲ. ನಿಜವಾಗಿಯೂ ಅರ್ಥವಾಗದವರಂತೆ ನನ್ನನ್ನೇ ನೋಡಿದರು.

"ನಾ ಏನ್ ಮಾಡ್ಲಿ ಬೇಟಾ? ಮಧ್ಯಾಹ್ನ ಬಾಗಿಲಾಗ ಬಿಸಿಲು ಬರ್ತದ, ಗಡಿಗಿ ನೀರು ಕಾದು ಹೋಗ್ತದ. ಅದಕ್ಕ ಎತ್ತಿ ನಿನ್ನ ಪೆಟ್ಟಿಗಿ ಮ್ಯಾಲ ಇಡ್ತೀನಿ. ಮೊದಲು ಅದರ ಜಾಗಾ ಅದೇ ಇತ್ತಲ್ಲ. ಒದ್ದಿ ಬಟ್ಟಿ ಸುತ್ತಿದ ಗಡಿಗಿ, ನಿನ್ನ ಪೆಟ್ಟಿಗೀಗೂ ಭಾಳ ತಂಪು ಆಗ್ತದ ಅಂದ್ಕೊಂಡೆ."

ನಾನು ಪೆಟ್ಟಿಗೆಯತ್ತ ನೋಡಿದೆ. ಮೇಲೆ ಗಡಿಗೆ ಕೂತಿತ್ತು. ದಿನವೂ ಕೂತಿರುತ್ತಿತ್ತು! ಪೆಟ್ಟಿಗೆ ತೆರೆಯುವ ಮೊದಲು ದಿನವೂ ನಾನೇ ಅದನ್ನೆತ್ತಿ ಕೆಳಗಿಟ್ಟು, ಒಂದು ಲೋಟ ನೀರು ಬಗ್ಗಿಸಿ ಕುಡಿದು, ಆಮೇಲೆ ಸ್ಕ್ರೂ ಬಿಚ್ಚುತ್ತಿದ್ದೆ. ನಮ್ಮ ಸೀಮೆಯ ಬಿಸಿಲಲ್ಲಿ ಎಲ್ಲಿ ನೋಡಿದರೂ ಗಡಿಗೆ ಇರುತ್ತದೆ, ಕಣ್ಣಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಚಾಚಾ ರಜೆಗೆ ಹೋದಾಗ ಗಡಿಗೆ ತುಂಬುವವರಿಲ್ಲದೆ ಅದು ಮೂಲೆಯಲ್ಲಿ ಒಣಗಿ ಬಿದ್ದಿತ್ತು.

ಆ ಜೋಡಿ ತಂತಿ ಹೇಳುವುದು ಬಿಸಿ ತುದಿಗೂ ತಣ್ಣನೆಯ ತುದಿಗೂ ಇರುವ ಅಂತರವನ್ನು ಮಾತ್ರ. ತಣ್ಣನೆಯ ತುದಿ ಎಷ್ಟಿದೆ ಎಂದು ಅಳೆದು ಅದಕ್ಕೆ ಕೂಡಿಸಲು ಒಳಗೆ ಒಂದು ಪುಟ್ಟ ಟ್ರಾನ್ಸಿಸ್ಟರ್ ಇಟ್ಟಿದ್ದೆ. ಆದರೆ ತಂತಿಯ ತುದಿ ಪೆಟ್ಟಿಗೆಯ ಮುಚ್ಚಳದ ಕೆಳಗೆ, ಟ್ರಾನ್ಸಿಸ್ಟರ್ ತಳದಲ್ಲಿ. ಗಡಿಗೆ ತಂಪು ಮಾಡುತ್ತಿದ್ದದ್ದು ಮೇಲಿನದನ್ನು ಮಾತ್ರ. ಕೆಳಗಿನದು ಬೆಚ್ಚಗೇ ಕೂತು ಹತ್ತು-ಹನ್ನೆರಡು ಡಿಗ್ರಿ ಹೆಚ್ಚು ಕೂಡಿಸುತ್ತಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಡೀ ತಿಂಗಳು ರೋಜಾ ಹಿಡಿದು, ತಾವು ಹನಿ ನೀರು ಮುಟ್ಟದೆ, ನಮಗಾಗಿ ಆ ಗಡಿಗೆಯನ್ನು ತುಂಬಿಟ್ಟು ತಂಪಾಗಿಸಿದ ಮನುಷ್ಯ ಅವರು. ಆ ನೀರನ್ನು ಕುಡಿದೇ ನಾನು ಅವರಿಗೆ ಆ ಮಾತು ಅಂದಿದ್ದೆ. "ತಪ್ಪಾಯ್ತು ಚಾಚಾ" ಅಂದೆ, ಕಣ್ಣೊರೆಸಿಕೊಳ್ಳುತ್ತ. ಅವರು, "ಮೊದಲು ರಿಪೇರಿ ಮಾಡು, ಆಮ್ಯಾಲ ಅಳು," ಎಂದು ಕೆಲಸಕ್ಕೆ ಹೋದರು.

ಗಡಿಗೆಯನ್ನು ಬೇರೆಡೆ ಇಡಿ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ, ಆ ಜಾಗ ಗಡಿಗೆಯದ್ದೇ. ತಾಮ್ರದ ಒಂದು ತುಂಡು ತಂದು ರಂಧ್ರ ಕೊರೆದು, ತಂತಿಯ ತುದಿಗಳಿಗೂ ತಾಮ್ರಕ್ಕೂ ನಡುವೆ ಕರೆಂಟು ದಾಟದಂತೆ ತೆಳು ಅಭ್ರಕದ ಹಾಳೆ ಕೊಟ್ಟು, ತುದಿಗಳನ್ನೂ ಟ್ರಾನ್ಸಿಸ್ಟರನ್ನೂ ಆ ಒಂದೇ ತುಂಡಿಗೆ ಬಿಗಿದೆ. ಇನ್ನು ತಂಪಾದರೆ ಎರಡೂ ತಂಪು, ಕಾದರೆ ಎರಡೂ ಕಾವು. ನನ್ನ ಜೀವನದಲ್ಲಿ ನಾನೇ ಕಂಡುಹಿಡಿದದ್ದು ಅಂತ ಏನಾದರೂ ಇದ್ದರೆ ಆ ತಾಮ್ರದ ತುಂಡು. ದೊಡ್ಡ ಊರುಗಳಲ್ಲಿ ಅದನ್ನು ಎಂದೋ ಮಾಡಿದ್ದರಂತೆ, ನನಗೆ ಆಮೇಲೆ ತಿಳಿಯಿತು. ತಿಳಿದರೂ ಖುಷಿ ಕಡಿಮೆಯಾಗಲಿಲ್ಲ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಸಾಹೇಬರು ಥರ್ಮಾಮೀಟರ್ ಹಿಡಿದು ಬಂದರು. ನಾನು ಚಾಚಾಗೆ, "ಗಡಿಗಿ ಮ್ಯಾಲ ಇಡ್ರಿ," ಅಂದೆ. ಚಾಚಾ ಅನುಮಾನದಿಂದಲೇ ಇಟ್ಟರು. ಒಂದು ತಾಸು ಕಾದೆವು. ಗಂಟೆ ಬಾರಿಸಲಿಲ್ಲ. ಚಾಚಾ ಪೆಟ್ಟಿಗೆಗೆ ಬೆನ್ನು ಮಾಡಿ ನಿಂತು ಕೊಳವೆಗೆ ಕೈ ತಾಗಿಸಿ, "ಎಪ್ಪತ್ತಾರು," ಎಂದರು. ಪೆಟ್ಟಿಗೆಯಲ್ಲಿ ಎಪ್ಪತ್ತಾರು. ಥರ್ಮಾಮೀಟರಿನಲ್ಲೂ ಅಷ್ಟೇ.

ಸಾಹೇಬರು ರಿಜಿಸ್ಟರ್ ತೆರೆದು ಹುಬ್ಬು ಗಂಟಿಕ್ಕಿದರು. "ಇವತ್ತಿಂದೇನೋ ಸರಿ. ಆದ್ರ ಇಷ್ಟು ಮಧ್ಯಾಹ್ನ ಖಾಲಿ ಅದಾವಲ್ಲ, ಮ್ಯಾಲಿನವರಿಗೆ ನಾ ಏನ್ ತೋರಿಸ್ಲಿ?"

ಚಾಚಾ ಪೆನ್ನು ಕೇಳಿ ಇಸಿದುಕೊಂಡು, ಕೂತು, ಒಂದೊಂದೇ ಖಾಲಿ ಮನೆಯಲ್ಲಿ ನಿಧಾನವಾಗಿ ಉರ್ದುವಿನಲ್ಲಿ ಏನೋ ಬರೆಯುತ್ತ ಹೋದರು. ಅದು ಸಹಿಯಂತಿರಲಿಲ್ಲ. ಸಾಹೇಬರಿಗೂ ನನಗೂ ಉರ್ದು ಓದಲು ಬಾರದು.

"ಏನ್ ಬರದೀರಿ?" ಸಾಹೇಬರು ಕೇಳಿದರು.

"ಸುಳ್ಳ ಸಹಿ ಹಾಕಂಗಿಲ್ಲ ಸಾಹೇಬ್ರ. 'ತಪ್ಪು ನಂದು, ಪೆಟ್ಟಿಗೀದಲ್ಲ' ಅಂತ ಬರದೀನಿ."

ನಾನು ಪೆನ್ನು ಕಸಿದುಕೊಂಡು, ಆ ಸಾಲಿನ ಕೊನೆಗೆ ಕನ್ನಡದಲ್ಲಿ, "ತಪ್ಪು ಪೆಟ್ಟಿಗೆ ಮಾಡಿದವನದು" ಎಂದು ಬರೆದು ನನ್ನ ಸಹಿ ಹಾಕಿದೆ. ಸಾಹೇಬರು ಇಬ್ಬರ ಬರಹವನ್ನೂ ನೋಡಿ, ಅಪರೂಪಕ್ಕೆ ನಕ್ಕು, ಕೆಳಗೆ ತಮ್ಮ ಸಹಿ ಎಳೆದರು. ಮುಂದಿನ ವಾರ ನನ್ನ ಹೆಂಡತಿ ಒಂದು ಟ್ರಂಕು, ಒಂದು ಹೊಸ ಗಡಿಗೆ ಹೊತ್ತು ವಾಡಿಗೆ ಬಂದಳು. ಆ ಗಡಿಗೆಯ ಮೊದಲ ಲೋಟ ನೀರನ್ನು ಕ್ವಾರ್ಟರ್ಸಿನ ಹೊಸ್ತಿಲಲ್ಲಿ ಚಾಚಾ ಕುಡಿದರು.