ಜಗದೇವ ಏಟು ತಿಂದು ಬರೆದ ಜಾಹೀರಾತು

ಜಾಹೀರಾತು ಚೆನ್ನಾಗಿ ಬರೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಜೇವರ್ಗಿಯ ಜಗದೇವ ಅಂಗಿ ಎತ್ತಿ ಬೆನ್ನು ತೋರಿಸುತ್ತಾನೆ. ಅವನು ಕಲಿತದ್ದೆಲ್ಲ ಅಲ್ಲಿದೆ. ಮೈಕ್ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗುವ ಜುಬೇರನ ಆಟೋದಲ್ಲಿ ಕುಳಿತು, ಅಂಗಡಿಗಳ ಪರವಾಗಿ ತಾನೇ ಬರೆದದ್ದನ್ನು ತಾನೇ ಕೂಗುವುದು ಅವನ ಕೆಲಸ. ದನಿ ಎಂಥದೆಂದರೆ, ಅಫಜಲಪುರದಲ್ಲಿ ಕೂಗಿದರೆ ಭೀಮಾ ನದಿ ಬೆದರಿ ಆಚೆ ದಂಡೆಗೆ ಸರಿದು ನಿಲ್ಲುತ್ತಿತ್ತು.

ಮೊದಲ ಪಾಠ ಸರಸಂಬಾದಲ್ಲಿ. ಒಬ್ಬ ಎಣ್ಣೆ ವ್ಯಾಪಾರಿಗಾಗಿ, "ಈ ಎಣ್ಣಿ ಹಚ್ಚಿದ್ರ ಬೋಳ ತಲಿ ಮ್ಯಾಲ ತೊಗರಿ ಹೊಲದಂಗ ಕೂದಲ ಬರ್ತಾವ" ಎಂದು ಕೂಗಿ ಬಂದಿದ್ದ. ಮತ್ತೆ ಹೋದಾಗ ಊರಿನ ಬೋಳರೆಲ್ಲ ಬಡಿಗೆ ಹಿಡಿದು ನಿಂತಿದ್ದರು. ಬಿಸಿಲಿಗೆ ಆ ತಲೆಗಳು ಹೊಳೆದು ಕಣ್ಣು ಕುಕ್ಕಿ, ಅವನಿಗೆ ಓಡುವ ದಾರಿಯೇ ಕಾಣಲಿಲ್ಲ. ಹೊಡೆತಕ್ಕೆ ಅಂಗಿಯಿಂದ ಎದ್ದ ಧೂಳು ಆಳಂದದವರೆಗೆ ಹೋಗಿ, ಅಲ್ಲಿಯವರು ಮಳೆಮೋಡವೆಂದು ಒಣಹಾಕಿದ ಹಪ್ಪಳ ಒಳಗೆ ತಂದರಂತೆ.

ಮುಂದಿನದು ಅಂದೋಲಾದಲ್ಲಿ. "ಈ ಚಪ್ಪಲಿ ಹರಿಯೂದಿಲ್ಲ, ಯಾರನ್ನ ಬೇಕಾದ್ರೂ ಹೊಡದು ನೋಡ್ರಿ" ಎಂದು ಕೂಗಿದ. ಜನ ಅವನನ್ನೇ ಹೊಡೆದು ನೋಡಿದರು, ಪಾಳಿ ಹಚ್ಚಿ. ಚಪ್ಪಲಿ ಹರಿಯಲಿಲ್ಲ. ಸಂಜೆಯೊಳಗೆ ಅಂಗಡಿ ಖಾಲಿ.

ಇದರಿಂದ ಅವನ ಹೆಸರು ಮೂರು ತಾಲೂಕಿಗೆ ಹಬ್ಬಿತು. ಆದರೆ ಮನೆ ನಡೆಯುತ್ತಿದ್ದುದು ಹೆಂಡತಿ ಮಹಾನಂದಾ ಬಡಿದು ಮಾರುವ ಜೋಳದ ರೊಟ್ಟಿಯಿಂದ. ಅವನ ಗಳಿಕೆ ಅವನ ಗಾಯದ ಮುಲಾಮಿಗೇ ಸರಿಹೋಗುತ್ತಿತ್ತು.

ಈ ಹೆಸರು ಕೇಳಿಯೇ ಸೀರೆ ಅಂಗಡಿಯ ದೌಲತರಾಯ ಅವನನ್ನು ಕರೆಸಿದ್ದು. ಪಂಚಮಿ ಹತ್ತಿರವಿತ್ತು. ತವರಿಗೆ ಹೋಗುವ ಹೆಣ್ಣುಮಕ್ಕಳಿಗೆಲ್ಲ ಹೊಸ ಸೀರೆಯ ಆಸೆ. "ಮೊದಲ ಬಂದವರಿಗೆ ಇಳಕಲ್ ಸೀರಿ ಫುಕಟ್ ಅಂತ ಬರಿ. ಎಷ್ಟ ಅದಾವ ಅಂತ ಬರೀಬ್ಯಾಡ" ಎಂದ ದೌಲತರಾಯ. ಪುಕ್ಕಟೆ ಕೊಡಲು ಇದ್ದದ್ದು ಐದೇ ಸೀರೆ. ಜಗದೇವ ಅದನ್ನು ಹೆಂಡತಿಗೂ ಹೇಳಲಿಲ್ಲ.

ಹೇಳಿದಂತೆಯೇ ಬರೆದು ಊರೂರು ಕೂಗಿದ. ಸೀರೆ ಹಂಚುವ ದಿನ ಅಂಗಡಿಯ ಷಟರ್ ಏಳುವ ಮೊದಲೇ ಒಳಕ್ಕೆ ಬಾಗಿತು. ಒಬ್ಬಳ ಜಡೆ ಇನ್ನೊಬ್ಬಳ ಕೈಯಲ್ಲಿ, ಇನ್ನೊಬ್ಬಳ ಕಿವಿ ಮತ್ತೊಬ್ಬಳ ಹಲ್ಲಲ್ಲಿ. ಒಂದೇ ಸೀರೆಯನ್ನು ಎಂಟು ದಿಕ್ಕಿಗೆ ಎಳೆದು, ಊರಿಗೆಲ್ಲ ಒಂದೊಂದು ಕರವಸ್ತ್ರವಾಯಿತು. ಇಲ್ಲಿಯವರೆಗೆ ಒಂದಿಷ್ಟು ಉಪ್ಪು ಖಾರ ಹಚ್ಚಿದ್ದೇನೆ. ಮುಂದಿನದಕ್ಕೆ ಹಚ್ಚಿಲ್ಲ. ಒಬ್ಬ ತಾಯಿಯ ಬಗಲಿನಿಂದ ಕೂಸು ಜಾರಿ ಕಾಲುಗಳ ನಡುವೆ ಬಿತ್ತು. ಎತ್ತಲು ಬಾಗಿದ ಹೆಂಗಸಿನ ಬಲಗೈ ತುಳಿದುಕೊಂಡು ಜನ ಹಾದುಹೋದರು. ಕೂಸು ಉಳಿಯಿತು, ಮಣಿಕಟ್ಟು ಮುರಿಯಿತು. ಆ ಹೆಂಗಸು ಮಹಾನಂದಾ.

"ಸೀರಿ ಎಷ್ಟಿದ್ದವು?" ದವಾಖಾನೆಯಲ್ಲಿ ಅವಳು ಕೇಳಿದಳು.

"ಐದು."

"ನಿನಗ ಗೊತ್ತಿತ್ತು."

ಮಹಾನಂದಾ ಪಟ್ಟಿ ಕಟ್ಟಿದ ಕೈ ಎತ್ತಿಕೊಂಡು ಎದ್ದಳು.

"ಕಡಗಂಚಿಗೆ ನಮ್ಮವ್ವನ ಮನಿಗೆ ಹೊಂಟೇನಿ. ಇದ್ದದ್ದು ಇದ್ದಂಗ ಬರಿಯೂದು ಕಲತ ದಿನ ಬರ್ತೇನಿ. ಅಲ್ಲೀತನಕ ರೊಟ್ಟಿ ಬದಲಿ ನಿನ್ನ ಮಾತೇ ತಿನ್ನು."

ದಸರಾ ಹತ್ತಿರ ಬಂತು. ದೌಲತರಾಯ ಮತ್ತೆ ಕರೆಸಿದ. "ಷಟರ್ ಮುರದ್ರಲ್ಲೋ, ಅಂಥದೇ ಇನ್ನೊಂದು ಬರಿ."

ಜಗದೇವ ಬರೆದ. ಸಂತೆಯ ನಡುವೆ ಆಟೋ ನಿಲ್ಲಿಸಿ ಕೂಗಿದ: "ದೌಲತರಾಯರ ದುಕಾನದಾಗ ಫುಕಟ್ ಸೀರಿ ಐದೇ ಅದಾವ್ರಿ. ಹ್ವಾದ ಸಲಾನೂ ಐದೇ ಇದ್ದವು, ನಾ ಮುಚ್ಚಿಟ್ಟಿದ್ದೆ. ನನ್ನ ಹೆಂಡತಿ ಕೈ ಮುರೀತು. ಉಳದ ಸೀರಿ ಚಲೋ ಅದಾವ, ಸಾವಕಾಶ ಬಂದು ರೊಕ್ಕ ಕೊಟ್ಟು ಒಯ್ಯಿರಿ. ಕೂಸು ಎತಗೊಂಡು ಬರಬ್ಯಾಡ್ರಿ."

ಬಟ್ಟೆ ಅಳೆಯುವ ಕಬ್ಬಿಣದ ಗಜ ಹಿಡಿದು ದೌಲತರಾಯ ಓಡಿಬಂದು ಬಾಯಿಯ ಮೇಲೇ ಬಾರಿಸಿದ. ಮೈಕ್ ಹಾಗೇ ನಡೆದಿತ್ತು. ಹಲ್ಲು ಮುರಿದ ಸದ್ದು ಸಂತೆಗೆಲ್ಲ ಕೇಳಿತು.

"ಐದು ಅಂತ ಯಾರಲೇ ಹೇಳಂದ್ರು ನಿನಗ?"

"ಹೆಚ್ಚ ಅದಾವೇನ್ರಿ ಸಾವಕಾರ್ರ?" ರಕ್ತ ಉಗುಳುತ್ತ ಜಗದೇವ ಕೇಳಿದ.

"ಇಲ್ಲಲೇ, ಐದೇ" ಎಂದು ದೌಲತರಾಯ ಹೆಗಲ ಮೇಲೆ ಇನ್ನೊಂದು ಕೊಟ್ಟ. ಅದೂ ಮೈಕಿನಲ್ಲಿ ಹೋಯಿತು. ಮುಂದಿನ ಏಟು ಬೀಳುವಷ್ಟರಲ್ಲಿ ಸಂತೆಯ ಹೆಂಗಸರು ಗಜ ಕಿತ್ತುಕೊಂಡು, ಅದರಿಂದಲೇ ದೌಲತರಾಯನ ಉದ್ದಗಲ ಅಳೆದರು.

ಜುಬೇರ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಕಡಗಂಚಿಗೆ ಕಳಿಸಿದ. ಮರುದಿನ ಮಹಾನಂದಾ ಬಂದಳು. ಗಂಡನ ಮುಖದಲ್ಲಿ ಊದದ ಜಾಗ ಹುಡುಕಿ ಎಡಗೈಯಿಂದ ಒಂದು ಬಿಟ್ಟಳು. "ಇದು ಪಂಚಮೀದು" ಎಂದಳು. ಆಮೇಲೆ ಒಲೆ ಹಚ್ಚಿ ಗಂಜಿಗಿಟ್ಟು ಕುಳಿತಳು. ದೌಲತರಾಯ ಬೇಡವೆಂದರೂ ಹಬ್ಬದವರೆಗೆ ಆ ಜಾಹೀರಾತನ್ನೇ ಕೂಗಿಸುತ್ತೇನೆಂದು ಜುಬೇರ ಹೇಳಿಹೋಗಿದ್ದ.

"ಕೂಸಿನ ಮಾತು ಕಡೀಕ ಯಾಕ ಇಟ್ಟಿ? ಅದು ಮೊದಲ ಬರಬೇಕು" ಎಂದಳು. "ನನ್ನ ಕೈ ಸುದ್ದಿ ತಗದ ಹಾಕು. ಸೀರಿ ತಗೊಳ್ಳಾವರಿಗೆ ಅದ್ಯಾಕ ಬೇಕು?"

"ಅದ ತಗಿಯೂದಿಲ್ಲ" ಎಂದ ಜಗದೇವ, ಒಡೆದ ತುಟಿಯಲ್ಲಿ.

ಅವಳು ಗಂಜಿ ತಿರುವಿದಳು. "ಹಂಗಾರ ಇರಲಿ. ಉಳದದ್ದ ಸಣ್ಣದ ಮಾಡು."