ಮುದುಕಿಯ ಬಾಯಿಗೆ ಹೆಣೆದ ಬಲೆ

ಚಿನ್ನವ್ವಾ, ಪುಟ್ಯಾ, ಅಡುಗೆಮನೆಯ ಮೊಳೆಗೆ ತೂಗುವ ಸುತಳಿಯ ಬಲೆಯಲ್ಲಿ ನೀವು ಮೊನ್ನೆ ಚೆಂಡು ಹಾಕಿ ಆಡುತ್ತಿದ್ದಿರಿ. ನಿಮ್ಮ ಅಮ್ಮ ಅದರಲ್ಲಿ ಉಳ್ಳಾಗಡ್ಡಿ ತುಂಬಿಡೋಣ ಎಂದಳು. ನಾನು ಅದನ್ನು ತೆಗೆದು ಝಾಡಿಸಿ ಮತ್ತೆ ಮೊಳೆಗೇ ಹಾಕಿದೆ. ಎದುರು ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಅದು ಒಂದು ಕುದುರೆಯ ಬಾಯಿಗೆ ಕಟ್ಟುತ್ತಿದ್ದ ಬಲೆ.

ನಿಮ್ಮ ಮುತ್ಯಾ ಮತ್ತು ನಾನು, ಗಂಡ ಹೆಂಡತಿ ಇಬ್ಬರೂ, ಪುಣೆಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆಲವು ಕಾಲ ಇಟ್ಟಂಗಿ, ಸಿಮೆಂಟು ಹೊತ್ತ ಮೇಲೆ, ಯೆರವಡಾದ ಆಚೆ ಹೊಳೆಯ ಕಡೆಗಿದ್ದ ಒಂದು ಹುಲ್ಲುಗಾವಲಿನಲ್ಲಿ ಮುತ್ಯಾನಿಗೆ ಕುದುರೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಗಾವಲಿನ ಒಡತಿ ಪುಣೆಯ ಕ್ಯಾಂಪ್ ಎಂಬ ಬಡಾವಣೆಯಲ್ಲಿ ಇರುತ್ತಿದ್ದರು. ಅವರನ್ನು ಎಲ್ಲರೂ ಬಾಯಿಸಾಹೇಬ ಎನ್ನುತ್ತಿದ್ದರು. ಅವರ ಕುದುರೆಗಳು ಮೂರು, ಎರಡು ಗಂಡು, ಒಂದು ಹೆಣ್ಣು. ರೇಸಿಗೂ ಅಲ್ಲ, ಟಾಂಗಾಕ್ಕೂ ಅಲ್ಲ. ಭಾನುವಾರ ಬೆಳಿಗ್ಗೆ ಅವರು ಬಂದು ಸುಮ್ಮನೆ ಖುಷಿಗೆ ಹತ್ತಿ, ಹೊಳೆಯ ದಂಡೆಯವರೆಗೆ ಹೋಗಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಮೇಯುವುದೇ ಅವುಗಳ ಕೆಲಸ.

"ದುಡೀಲಾರದ ಜೀವಕ್ಕ ಇಷ್ಟು ಉಪಚಾರ ಏನ್ರಿ?" ಎಂದು ನಾನು ಮೊದಲ ವಾರವೇ ಕೇಳಿದೆ.

"ಸುಮ್ನಿರು," ಎಂದರು ನಿಮ್ಮ ಮುತ್ಯಾ. "ಮುಂದಿನ ಜನ್ಮಕ್ಕ ನಾನೂ ಇದಕ್ಕ ಅರ್ಜಿ ಹಾಕೀನಿ."

ಲಾಯದ ಪಕ್ಕದ ಒಂದು ಕೋಣೆಯೇ ನಮ್ಮ ಮನೆ. ಬೆಳಿಗ್ಗೆ ಕುದುರೆ ಬಿಡುವ ಮೊದಲು ಇಬ್ಬರೂ ಗಾವಲಿನಲ್ಲಿ ಒಂದು ಸುತ್ತು ಹಾಕಿ ತಂತಿಯ ಚೂರು, ಗಾಜು ಆರಿಸುತ್ತಿದ್ದೆವು, ಕಾಂಗ್ರೆಸ್ ಕಸ ಕಿತ್ತು ಹಾಕುತ್ತಿದ್ದೆವು. ಕ್ಯಾಂಪಿನಿಂದ ಬಂದ ಗೋಧಿ ಹೊಟ್ಟಿಗೆ ನೆನೆಸಿದ ಕಡಲೆ, ಉಪ್ಪು ಬೆರೆಸಿ ಬೋಗುಣಿಗೆ ಹಾಕುವುದು ನನ್ನ ಪಾಲು. ನಮ್ಮ ಊರಲ್ಲಿ ಕುದುರೆಮೆಂತ್ಯ ಎಂಬ ಸೊಪ್ಪಿನ ಹೆಸರಷ್ಟೇ ಕೇಳಿದ್ದೆ. ಅದನ್ನು ನಿಜವಾಗಿ ಕುದುರೆ ತಿನ್ನುವುದನ್ನು ನೋಡಿದ್ದು ಇಲ್ಲಿಯೇ. ಲದ್ದಿ ಹಾಳಾಗುತ್ತದಲ್ಲ ಎಂದು ಒಮ್ಮೆ ಒಲೆಗೆ ಉರಿಸಲು ಗೋಡೆ ತುಂಬ ಕುಳ್ಳು ತಟ್ಟಿದೆ. ಒಣಗಿದ ಮೇಲೆ ಮುಟ್ಟಿದರೆ ಪುಡಿ ಪುಡಿ. ಮುತ್ಯಾ ಬಂದು ನೋಡಿ, "ಇದು ಎಮ್ಮಿ ಅಲ್ಲ ಮಾರಾಯ್ತಿ, ಬಾಯಿಸಾಹೇಬರ ಕುದುರಿ. ಇದರ ಮ್ಯಾಲ ರೊಟ್ಟಿ ಬೇಯಂಗಿಲ್ಲ," ಎಂದು ಗೋಡೆ ಹಿಡಿದು ನಕ್ಕರು.

ಹೆಣ್ಣು ಕುದುರೆಗೆ ಬಾಯಿಸಾಹೇಬರು ಯಾವುದೋ ಇಂಗ್ಲಿಷ್ ಹೆಸರಿಟ್ಟಿದ್ದರು. ಅದು ನನ್ನ ನಾಲಿಗೆಗೆ ಹೊರಳಲಿಲ್ಲ. ಅದರ ನಿಧಾನದ ನಡಿಗೆ ನೋಡಿ ನಾವು ಮುದುಕಿ ಎಂದು ಕರೆದೆವು. ಕಂದು ಮೈ, ಹಣೆಗೆ ವಿಭೂತಿ ಬಳಿದಂತೆ ಒಂದು ಬಿಳಿ ಪಟ್ಟಿ. ಹೊರಗಿನ ಜನ ಬಂದರೆ ನಾನು ಹೇಗೆ ಕಂಬದ ಮರೆಗೆ ಹೋಗುತ್ತಿದ್ದೆನೋ ಹಾಗೆಯೇ ಅದೂ ಮೂಲೆಗೆ ಸರಿಯುತ್ತಿತ್ತು. ನಾನೊಬ್ಬಳೇ ಇದ್ದಾಗ ಬಂದು ನನ್ನ ಸೆರಗನ್ನು ಮೂಸುತ್ತಿತ್ತು. ಆ ಊರಲ್ಲಿ ನನಗೆ ಮರಾಠಿ ಬರುತ್ತಿರಲಿಲ್ಲ, ಗೆಳತಿಯರಿರಲಿಲ್ಲ. ನಾನು ಕನ್ನಡದಲ್ಲಿ ಏನು ಹೇಳಿದರೂ ಅದು ಕಿವಿ ತಿರುಗಿಸಿ ಕೇಳುತ್ತಿತ್ತು.

ಮೊದಲ ಮಳೆಗಾಲ ಬಂತು. ಬೇಸಿಗೆ ಇಡೀ ಒಣಹುಲ್ಲು ತಿಂದಿದ್ದ ಕುದುರೆಗಳ ಮುಂದೆ ಗಾವಲು ಹಸಿರಾಯಿತು. ನಮ್ಮ ಊರಲ್ಲಿ ದನಗಳಿಗೆ ಅದೇ ಹಬ್ಬ. "ತಿನ್ಲಿ ಬಿಡು, ಹೊಟ್ಟಿ ತುಂಬ ತಿನ್ಲಿ," ಎಂದು ಮುತ್ಯಾ ಮೂರನ್ನೂ ಬೆಳಗಿನಿಂದ ಸಂಜೆಯವರೆಗೆ ಬಿಟ್ಟರು. ನನಗೂ ನೋಡಿ ಸಂತೋಷವಾಗಿತ್ತು. ಕೆಲವು ದಿನ ಕಳೆಯುವುದರಲ್ಲಿ ಮುದುಕಿ ಹೆಜ್ಜೆ ಎತ್ತಿಡದಾಯಿತು. ಮುಂಗಾಲು ಮುಂದೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಗೊರಸು ಮುಟ್ಟಿದರೆ ಕಾದ ಹಂಚಿನಂತೆ ಬಿಸಿ.

ಕುದುರೆಯ ಡಾಕ್ಟರು ಬಂದರು. "ಎತ್ತಿನ ಹೊಟ್ಟೆಯೇ ಬೇರೆ, ಇದರ ಹೊಟ್ಟೆಯೇ ಬೇರೆ ಮಾಮಾ," ಎಂದು, ಅಲ್ಲಿ ಎಲ್ಲರೂ ಕರೆಯುವ ಹಾಗೆ ಮುತ್ಯಾನನ್ನು ಮಾಮಾ ಎಂದೇ ಕರೆದು, ಮರಾಠಿಯಲ್ಲಿ ತಿಳಿಸಿದರು. "ಹೊಸ ಹುಲ್ಲು ಇದಕ್ಕೆ ಸಕ್ಕರೆ ಇದ್ದ ಹಾಗೆ. ಹೊಟ್ಟೆಗೆ ಹೆಚ್ಚಾದದ್ದು ಗೊರಸಿಗೆ ಇಳಿಯುತ್ತದೆ." ಉಳಿದ ಎರಡು ತಡೆದುಕೊಂಡಿದ್ದವು. ಮುದುಕಿಗೆ ಮಾತ್ರ ಇನ್ನು ಹಸಿರು ಕೂಡದು, ಲಾಯದಲ್ಲೇ ಇರಬೇಕು, ನೀರಲ್ಲಿ ನೆನೆಸಿ ಹಿಂಡಿದ ಒಣಹುಲ್ಲೇ ಮೇವು ಎಂದರು.

ಮಳೆಗಾಲವೆಲ್ಲ ಅದು ಲಾಯದ ಅರ್ಧ ಬಾಗಿಲ ಮೇಲೆ ಕತ್ತು ಇಟ್ಟುಕೊಂಡು ನಿಂತಿತು. ಅದರ ಜೊತೆಯವು ಗಾವಲಿನ ಆ ತುದಿಗೆ ಹೋದರೆ ಕೆನೆಯುತ್ತಿತ್ತು. ಅವು ಒಮ್ಮೆ ತಲೆ ಎತ್ತಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿದ್ದವು. ನಾನು ಅದರ ಕಾಲಿಗೆ ತಣ್ಣೀರು ಸುರಿಯುತ್ತ ನಮ್ಮ ಊರಿನ ಸುದ್ದಿ ಹೇಳುತ್ತಿದ್ದೆ. ಅದರ ಕಣ್ಣು ಹೊರಗೇ ಇರುತ್ತಿತ್ತು. ಬಿಸಿ ಇಳಿದು ಕಾಲು ನೆಟ್ಟಗಾದರೂ ಹಿಂಡಿ ಹಾಕಿದ ಒಣಹುಲ್ಲು ಹಾಗೇ ಉಳಿಯತೊಡಗಿತು. ಪಕ್ಕೆಲುಬು ಕಂಡವು.

ಒಂದು ಭಾನುವಾರ ಬಾಯಿಸಾಹೇಬರು ಅದರ ಕುತ್ತಿಗೆ ತಡವುತ್ತ ಬಹಳ ಹೊತ್ತು ನಿಂತರು. ಆಮೇಲೆ, "ಮಾಮಾ, ದಸರೆಯವರೆಗೆ ನೋಡೋಣ. ಆಗಲೂ ಇವುಗಳ ಜೊತೆ ಹೊರಗೆ ಬಿಡುವುದಕ್ಕೆ ಆಗದಿದ್ದರೆ ಇಂದಾಪುರದ ಕಡೆ ನಮ್ಮ ನೆಂಟರಲ್ಲಿಗೆ ಕಳಿಸುತ್ತೇನೆ. ಅಲ್ಲಿ ಹುಲ್ಲಿಲ್ಲದ ಬಯಲಿದೆ. ಒಂಟಿಯಾದರೂ ಓಡಾಡಿಕೊಂಡು ಇರುತ್ತದೆ," ಎಂದರು. ಅವರ ಕಣ್ಣೂ ತುಂಬಿತ್ತು.

ಅಂದು ರೊಟ್ಟಿ ಬಡಿಯುತ್ತಿದ್ದಾಗ ನನಗೆ ನಮ್ಮ ಅಪ್ಪನ ಹೊಲ ನೆನಪಾಯಿತು. ಬೆಳೆಯ ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯುವಾಗ ಎತ್ತುಗಳು ಬೆಳೆಗೆ ಬಾಯಿ ಹಾಕಬಾರದೆಂದು ಅಪ್ಪ ಅವುಗಳ ಬಾಯಿಗೆ ಹಗ್ಗದ ಬಲೆ ಕಟ್ಟುತ್ತಿದ್ದ. ಅದನ್ನು ಹೆಣೆಯುವುದನ್ನು ನನಗೂ ಕಲಿಸಿದ್ದ.

"ಏನ್ರಿ, ಮುದುಕಿ ಬಾಯಿಗೆ ಬಲಿ ಕಟ್ಟಿ ಬಿಟ್ರ ಹೆಂಗ?"

"ಕುದುರಿಗೆ ಬಲಿ?" ಮುತ್ಯಾ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಹಂಗಾರ ಎರಡು ಹೆಣಿ. ಇನ್ನೊಂದು ನಿನಗ. ಹೊರಗ ಹೋದ್ರ ಬಾಯಿ ಬಿಡಂಗಿಲ್ಲ, ಮನ್ಯಾಗ ನನ್ನ ಕಿವಿ ತೂತು ಮಾಡ್ತಿ."

"ನಗಬ್ಯಾಡ್ರಿ. ಡಾಕ್ಟರಿಗೆ ಕೇಳ್ರಿ."

"ನೀನೇ ಕೇಳು."

"ನಾ ಒಲ್ಲೆ, ನೀವೇ ಕೇಳ್ರಿ."

ಕೇಳಿದರು. ಡಾಕ್ಟರು ಯೋಚಿಸಿ, ಮಾಡಿ ನೋಡಿ ಎಂದರು. ಉಸಿರಿಗೆ ತಡೆಯಾಗಬಾರದು, ನೀರು ಕುಡಿಯುವಂತಿರಬೇಕು, ಹುಲ್ಲಿನ ತುದಿಯಷ್ಟೇ ಬಾಯಿಗೆ ಸಿಗಬೇಕು. ಮೊದಲ ಬಲೆಯನ್ನು ನಾನು ಎತ್ತಿಗೆ ಹೆಣೆದಂತೆ ಬಿಗಿಯಾಗಿ ಹೆಣೆದೆ. ಒಂದು ಎಸಳೂ ಸಿಗದೆ ಮುದುಕಿ ಅದನ್ನು ಕಂಬಕ್ಕೆ ತಿಕ್ಕಿ ಹರಿದು ಹಾಕಿತು. ಎರಡನೆಯದು ಸಡಿಲವಾಯಿತು. ಮೂರನೆಯದಕ್ಕೆ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಕಣ್ಣುಗಳನ್ನು ಬಿಟ್ಟೆ, ಮೂಗಿನ ಮೇಲೆ ಹಳೆ ಸೀರೆಯ ಬಟ್ಟೆ ಸುತ್ತಿದೆ.

ದಸರೆಗೆ ಮುಂಚಿನ ಭಾನುವಾರ ಡಾಕ್ಟರನ್ನೂ ಕರೆಸಿ ಅದನ್ನು ಬಿಟ್ಟೆವು. ನಾನು ಕಂಬದ ಮರೆಯಲ್ಲಿದ್ದೆ. ಮುದುಕಿ ಬಾಗಿಲಾಚೆ ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಉಳಿದೆರಡು ಓಡಿ ಬಂದು ಬಲೆ ಮೂಸಿದವು. ಆಮೇಲೆ ಮೂರೂ ಒಟ್ಟಿಗೆ ನಡೆದವು. ಅದು ತಲೆ ತಗ್ಗಿಸಿ ಬಲೆಯನ್ನು ಹುಲ್ಲಿಗೊತ್ತಿತು, ಬಲೆಯ ಕಣ್ಣುಗಳಿಂದ ಒಳಬಂದ ಹುಲ್ಲಿನ ತುದಿಗಳನ್ನು ಒಂದೊಂದಾಗಿ ಕಚ್ಚಿತು. ಅದು ಕಚ್ಚುವ ಚರ್ ಚರ್ ಸದ್ದು ನನಗೆ ಕೇಳುತ್ತಿತ್ತು.

"ಯಾರು ಹೆಣೆದದ್ದು?" ಎಂದರು ಬಾಯಿಸಾಹೇಬರು. ಮುತ್ಯಾ ಕಂಬದ ಕಡೆ ಕೈ ತೋರಿಸಿದರು. ನಾನು ಸೆರಗು ಮುಖಕ್ಕೆಳೆದುಕೊಂಡೆ. ಅವರು ಹತ್ತಿರ ಬಂದು, "ಹಾಗಾದರೆ ಇದು ಇಲ್ಲೇ ಇರಲಿ," ಎಂದರು.

ಅಲ್ಲಿಂದ ಪ್ರತಿ ಮಳೆಗಾಲಕ್ಕೂ ಹೊಸ ಬಲೆ. ಬೆಳಿಗ್ಗೆ ಕಟ್ಟುವಾಗ ಮುದುಕಿ ತಾನೇ ಮೂತಿ ಚಾಚುತ್ತಿತ್ತು. ಸಂಜೆ ಬಿಚ್ಚಿ, ದಾರ ಒತ್ತಿದ ಗುರುತಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ನಿಮ್ಮ ಅಪ್ಪ ಹುಟ್ಟಿದ್ದು, ನಡೆಯಲು ಕಲಿತದ್ದು ಅದೇ ಲಾಯದ ಅಂಗಳದಲ್ಲಿ.

ಮುಂದೆ ಯೆರವಡಾದ ಸುತ್ತ ಗಾಜಿನ ಕಟ್ಟಡಗಳು ಎದ್ದವು. ಗಾವಲೂ ಮಾರಾಟವಾಯಿತು. ಬಾಯಿಸಾಹೇಬರಿಗೆ ವಯಸ್ಸಾಗಿತ್ತು. ಕುದುರೆಗಳು ಕೊನೆಗೆ ಇಂದಾಪುರದ ಕಡೆಗೇ ಹೋದವು, ಆದರೆ ಮೂರೂ ಒಂದೇ ಲಾರಿಯಲ್ಲಿ ಹೋದವು. ಆ ವರ್ಷದ ಹೊಸ ಬಲೆಯನ್ನು ಲಾರಿಯವನ ಕೈಗೆ ಕೊಟ್ಟೆ. ಹಳೆಯದು ನನ್ನಲ್ಲಿ ಉಳಿಯಿತು. ಲಾರಿ ತಿರುಗುವಾಗ ಮುದುಕಿ ಕೆನೆಯಿತು. ಮುತ್ಯಾ ನನ್ನ ಕಡೆ ನೋಡದೆಯೇ, "ಅಳಬ್ಯಾಡ. ಎಸ್‌ಟಿ ಬಸ್ಸು ಹತ್ತಿದ್ರ ಇಂದಾಪುರ ಏನ್ ದೂರ ಅದ? ದೀಪಾವಳಿಗೆ ಹೋಗಿ ಬರೂಣು," ಎಂದರು. ದೀಪಾವಳಿಗೆ ಅವರು ಹಾಸಿಗೆಯಲ್ಲಿದ್ದರು. ಸಂಕ್ರಾಂತಿಗೆ ಇರಲಿಲ್ಲ.

ಪುಣೆಯಿಂದ ಊರಿಗೆ ಹೋಗುವ ನಮ್ಮ ಬಸ್ಸು ಇಂದಾಪುರದಲ್ಲಿ ನಿಲ್ಲುತ್ತದೆ. ನಾನು ಯಾವಾಗಲೂ ಕಿಟಕಿಯ ಸೀಟೇ ಕೇಳುವುದು ಏಕೆಂದು ನಿಮ್ಮ ಅಪ್ಪನಿಗೂ ಗೊತ್ತಿಲ್ಲ. ಜನ ಚಹಾಕ್ಕೆ ಇಳಿಯುತ್ತಾರೆ. ಬಾಯಿಸಾಹೇಬರ ನೆಂಟರ ಆ ಬಯಲು ಎಲ್ಲಿ ಎಂದು ಯಾರನ್ನಾದರೂ ಕೇಳಬಹುದು. ಕೇಳಬೇಕೆಂದು ಪ್ರತಿ ಸಲ ಮನಸ್ಸಿನಲ್ಲೇ ಮರಾಠಿಯಲ್ಲಿ ಮಾತು ಜೋಡಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಬಸ್ಸು ಕಬ್ಬಿನ ಹೊಲಗಳ ನಡುವೆ ಓಡುವಾಗ, ಎಲ್ಲಾದರೂ ಒಂದು ಕಂದು ಬೆನ್ನು ಕಾಣುತ್ತದೆಯೋ ಎಂದು ನೋಡುತ್ತೇನೆ. ಮುದುಕಿ ಇಷ್ಟು ವರ್ಷ ಬದುಕಿರಲಾರದು, ಅದು ನನಗೆ ಗೊತ್ತು. ಆದರೂ ನೋಡುತ್ತೇನೆ. ಮುತ್ಯಾನೂ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ ಅನ್ನಿಸುತ್ತದೆ.

ಬಲೆಯಲ್ಲಿ ಚೆಂಡು ಹಾಕಿ ಆಡಿರಿ, ನನಗೆ ಬೇಸರವಿಲ್ಲ. ಹರಿದರೆ ತನ್ನಿ, ಗಂಟು ಹಾಕಿ ಕೊಡುತ್ತೇನೆ. ಈ ಹಾಳೆಗಳು ಹರಿದರೆ ಮಾತ್ರ ಹಾಗೆ ಗಂಟು ಹಾಕಲು ಬರುವುದಿಲ್ಲ. ನನ್ನ ಕಾಲದ ನಂತರ ಇವನ್ನು ಅದೇ ಬಲೆಯಲ್ಲಿ ಸುತ್ತಿ, ನೀರು ತಾಗದ ಕಡೆ ಜೋಪಾನವಾಗಿ ಇಡಿರಿ, ಮಕ್ಕಳೇ.